ಹನ್ನೊಂದು ಪರ್ಸೆಂಟ್

ವಿಲ್ಯುಯ್ ಸೀಮೆಯಲ್ಲಿ ನವೆಂಬರ್.
ಮೈನಸ್ ನಲವತ್ತೊಂದು. ಕೆರೆ ಕಲ್ಲಾಗಿದೆ.
ಬೂತುರ್ ಹಾರೆ ಎತ್ತಿ ಕುಕ್ಕಿದರೆ
ಗಡ್ಡೆ ಮೊದಲು ಕೆಮ್ಮುತ್ತದೆ, ಆಮೇಲೆ ಬಿರಿಯುತ್ತದೆ.
ಸಾಲು ಸಾಲು ತೂತು, ಅವುಗಳಡಿಯಲ್ಲಿ ಉದ್ದನೆಯ ಕೋಲು,
ಕೋಲಿನ ಬಾಲ ಹಿಡಿದು ಕತ್ತಲಲ್ಲಿ ಈಜುವ ಬಲೆ.
ಊರಿಗೆ ಊರೇ ಬಂದಿದೆ ಕೆರೆಯ ಮೇಲೆ.
ನಾನು ಕ್ಯಾಮೆರಾ ತಂದಿದ್ದೇನೆ.

ಅದರ ಕೈಪಿಡಿಯಲ್ಲಿ
ಸೊನ್ನೆಯ ಕೆಳಗೆ ಪುಟಗಳೇ ಇಲ್ಲ.
ಉಳಿದದ್ದು ನಾವೇ ಬರೆದುಕೊಂಡದ್ದು:
ಲೋಹಕ್ಕೆ ಕೆನ್ನೆ ತಾಗಿಸಬೇಡ, ಹಿಡಿದರೆ ಬಿಡುವುದಿಲ್ಲ.
ಉಸಿರು ಬಿಡುವಾಗ ಮುಖ ತಿರುಗಿಸು,
ಇಲ್ಲವಾದರೆ ಕಣ್ಣಿಡುವ ಕಿಂಡಿಯಲ್ಲಿ
ನಿನ್ನುಸಿರೇ ಹೆಪ್ಪುಗಟ್ಟಿ ನಿನ್ನನ್ನು ನೋಡುತ್ತದೆ.
ಬ್ಯಾಟರಿಯನ್ನು ಕಂಕುಳಲ್ಲಿಟ್ಟು ಸಾಕು,
ಒಂದು ಹೊರಗೆ ದುಡಿಯುವಾಗ
ಇನ್ನೊಂದು ಒಳಗೆ ಮಲಗಿರಲಿ.

ಇದ್ದದ್ದು ಎರಡು.
ಮೂರನೆಯದನ್ನು ಭಾವ ಇಸಿದುಕೊಂಡು ಹೋಗಿ ಎರಡು ವರ್ಷ.
ಮೊದಲನೆಯದು, ಹಗ್ಗ ಎಳೆಯುವ ಗಂಡಸರ
ಬೆನ್ನುಗಳಿಗೇ ಖರ್ಚಾಯಿತು.
ಎರಡನೆಯದು ಪೂರ್ತಿ ತುಂಬಿದ್ದೇನೆಂದು ಹೇಳಿ,
ಕಣ್ಣು ಮಿಟುಕಿಸುವುದರೊಳಗೆ ಕೆಂಪಾಗಿ,
ಆರಿತು.
ಪರದೆಯ ಮೇಲಿದ್ದ ಕೊನೆಯ ಚಿತ್ರ
ಗಟ್ಟಿ ಜೇನಿನಂತೆ ತಡವಾಗಿ ಇಳಿದುಹೋಯಿತು.
ಆಗಲೇ ಕೂಗು: "ಬಂತು! ಬಲೆ ಬಂತು!"

ನೀರಿಂದ ಏಳುವಾಗ ಮೀನು;
ಮೂರು ಸಲ ಹೊರಳುವಷ್ಟರಲ್ಲಿ ಸೌದೆ.
ಸಲಿಕೆಯಲ್ಲಿ ಬಾಚಿ ಒಟ್ಟುತ್ತಾರೆ, ಟಣ್ ಟಣ್.
ನಾನೋ, ಮದುವೆ ಮನೆಗೆ
ಬರಿಗೈಯಲ್ಲಿ ಬಂದ ನೆಂಟಳು.

ಒಗ್ದೊ ಅಜ್ಜಿ ನೋಡಿದಳು.
"ಏನಾಯ್ತೇ?"
"ಸತ್ತಿತು, ಅಜ್ಜಿ."
"ಕೊಡಿಲ್ಲಿ."
ಮೊಲದ ಚರ್ಮದ ಕೋಟು, ಉಣ್ಣೆಯ ಅಂಗಿ,
ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು,
ಎಷ್ಟೋ ಬಾಗಿಲು ದಾಟಿಸಿ
ಬ್ಯಾಟರಿಯನ್ನು ಎದೆಗಿಟ್ಟುಕೊಂಡಳು.
ಬೆಚ್ಚಿಬಿದ್ದು ಬೈದಳು: "ಇದರಪ್ಪನ, ಹಿಮದ ಕಪ್ಪೆ!"
ಆಮೇಲೆ ಸುಮ್ಮನಾದಳು.
ಕೈಗವಸು ಮಾತ್ರ ಕೋಟಿನ ಹೊರಗಿಂದ
ಆ ಜಾಗವನ್ನು ತಟ್ಟುತ್ತಿತ್ತು, ತನ್ನಷ್ಟಕ್ಕೆ ತಾನೇ.

ಅವಳು ಹೆತ್ತ ಏಳರಲ್ಲಿ ಒಂದು
ಜನವರಿಯಲ್ಲಿ, ನಡುದಾರಿಯಲ್ಲಿ, ಜಾರುಗಾಡಿಯ ಮೇಲೆ ಹುಟ್ಟಿತ್ತಂತೆ.
ಆ ಮಾತನ್ನು ಊರಲ್ಲಿ ಯಾರೂ ಎತ್ತುವುದಿಲ್ಲ.
ನಾನೂ ಎತ್ತಲಿಲ್ಲ.

ಹತ್ತು ನಿಮಿಷ ಕಳೆದಿರಬೇಕು.
"ತಗೋ. ಸತ್ತಿರಲಿಲ್ಲ ಇದು,
ಮರಗಟ್ಟಿತ್ತು ಅಷ್ಟೆ."

ಹನ್ನೊಂದು ಪರ್ಸೆಂಟ್.
ಹನ್ನೊಂದರಲ್ಲಿ ಏನು ಬಂದೀತು?
ರಾಶಿ ಮೀನು ಬೇಡ, ಹಗ್ಗ ಬೇಡ,
ಹಲ್ಲು ಕಿರಿಯುತ್ತ ನಿಂತ ಬೂತುರ್ ಬೇಡ.
ತಿರುಗಿ ಅವಳತ್ತ ಒತ್ತಿದೆ.
ಮಂಡಿ ಹಿಡಿದುಕೊಂಡು ಎದ್ದಿತು ಶಟರ್,
ಕೂತಿತು.
ಇನ್ನೊಮ್ಮೆ ಒತ್ತುವಷ್ಟರಲ್ಲಿ ಕತ್ತಲೆ.

ಮನೆಯ ಹೊಸ್ತಿಲಾಚೆಯೇ
ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು,
ಗಾಳಿ ಹಿಂಡಿ, ಬಾಯಿ ಬಿಗಿದೆ.
ಬೆವರುವುದಿದ್ದರೆ ಚೀಲ ಬೆವರಲಿ.
ಮೂರು ಗಂಟೆ ಬಿಚ್ಚುವಂತಿಲ್ಲ ಎಂದದ್ದಕ್ಕೆ
ಮಕ್ಕಳು ನನ್ನನ್ನು ಕಳ್ಳಿಯೆಂಬಂತೆ ನೋಡಿದವು.
ಮೀನು ಹುರಿದರು. ಮೊದಲ ತುಂಡು ಬೆಂಕಿಗೆ.
ಹಾಲು ಹಾಕಿದ ಚಹಾ ಮೂರು ಸುತ್ತು ಬಂತು.
ಚೀಲದ ಮೇಲೆ ಮೊದಲು ಬೆಳ್ಳಿ, ಆಮೇಲೆ ಮಬ್ಬು,
ಆಮೇಲೆ ಹನಿ.
ಒಂದನ್ನು ಅಜ್ಜಿ ಬೆರಳಲ್ಲಿ ಒರೆಸಿ
ಸೆರಗಿಲ್ಲದ್ದಕ್ಕೆ ಒಲೆಯ ಇಟ್ಟಿಗೆಗೆ ಸವರಿದಳು.

ಚಾರ್ಜಾದ ಬ್ಯಾಟರಿ ಹಾಕಿ ತೆರೆದರೆ
ಅವಳ ಮುಖವೇ ಬಂದಿಲ್ಲ.
ಮುಖದ ಜಾಗದಲ್ಲಿ ಬಿಳಿಯ ಉಸಿರು,
ಅವಳದ್ದೋ, ನನ್ನದೋ.
ಕೆಳಗೆ ಕೋಟು. ಕೋಟಿನ ಮೇಲೆ ಕೈಗವಸು:
ಬ್ಯಾಟರಿ ಕೊಟ್ಟಾದ ಮೇಲೂ
ಅಲ್ಲೇ ತಟ್ಟುತ್ತಿದ್ದದ್ದು, ತುಸು ಅಲುಗಿದೆ.

"ಅಳಿಸಲಾ, ಅಜ್ಜಿ?"
ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.
ಬಹಳ ಹೊತ್ತು.
"ಇರಲಿ," ಎಂದಳು.
"ಮೂಲೆಯಲ್ಲಿರೋ ಮೀನು ಚೆನ್ನಾಗಿ ಬಂದಿದೆ."